ಅಧ್ಯಕ್ಷರಾಗಲು ಹೊರಟ ವಕೀಲ ಸಾಹೇಬರೇ, ನಿಮ್ಮ ದಾವಾಪತ್ರ ಯಾವ ಭಾಷೆಯಲ್ಲಿದೆ?



ಒಮ್ಮೆ ಹುಲಿಗಿಗೆ ಬನ್ನಿ. ಮಂಗಳವಾರ, ಶುಕ್ರವಾರ, ಹುಣ್ಣಿಮೆ, ಯಾವ ದಿನವಾದರೂ ಸರಿ. ತುಂಗಭದ್ರೆಯಲ್ಲಿ ಮಿಂದು ಹುಲಿಗೆಮ್ಮನ ಗುಡಿ ಮುಂದೆ ಸಾಲು ನಿಂತ ಜನರ ಮಾತಿಗೆ ಕಿವಿಗೊಡಿ. ಮಕ್ಕಳಾಗಲಿ ಎಂದು ಹರಕೆ ಹೊತ್ತವರು ಇದ್ದಾರೆ, ಮಳೆಯಾಗಲಿ ಎಂದು ಬೇಡುವವರು ಇದ್ದಾರೆ. ಅವರ ನಡುವೆಯೇ ಇನ್ನೊಂದು ದನಿ ಕೇಳುತ್ತದೆ: "ಯವ್ವಾ, ನನ್ನ ಹೊಲದ ಕೇಸು ಈ ವರ್ಸರ ಮುಗೀಲಿ!"

ವಕೀಲರ ಸಂಘದ ಚುನಾವಣೆ ಬಂತೆಂದರೆ ಇದೇ ಅಮ್ಮನ ಮುಂದೆ ಇನ್ನೊಂದು ಕಾಯಿ ಒಡೆಯುತ್ತದೆ. ಅದು ಅಭ್ಯರ್ಥಿಯ ಕಾಯಿ. ಕಕ್ಷಿದಾರ ಕೇಸು ಮುಗಿಯಲಿ ಎಂದು ಬೇಡಿದರೆ, ವಕೀಲ ಸಾಹೇಬರು ಕುರ್ಚಿ ಸಿಗಲಿ ಎಂದು ಬೇಡುತ್ತಾರೆ. ಒಬ್ಬರ ಹರಕೆಗೂ ಇನ್ನೊಬ್ಬರ ಹರಕೆಗೂ ಸಂಬಂಧವೇ ಇಲ್ಲ ಎಂದು ಎಲ್ಲರೂ ತಿಳಿದಿದ್ದಾರೆ. ಆ ತಿಳಿವಳಿಕೆಯೇ ತಪ್ಪು ಎಂದು ಹೇಳಲು ಈ ಬರಹ.

ನಮಗೆ ಮತ ಇಲ್ಲ, ಮಾತು ಇದೆ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಎಲ್ಲಿಯೇ ಇರಲಿ, ಸಂಘದ ಚುನಾವಣೆ ಹೇಗಿರುತ್ತದೆ ನೋಡಿದ್ದೀರಾ? ಬಣ್ಣದ ಕಾರ್ಡುಗಳು, ಕೋರ್ಟಿನ ಬಾಗಿಲಲ್ಲಿ ಕೈಮುಗಿದು ನಿಂತ ಕರಿಕೋಟುಗಳು, ರಾತ್ರಿ ಊಟ, ಜಾತಿಯ ಲೆಕ್ಕ, ಹಿರಿಯರ ಬಣ, ಕಿರಿಯರ ಬಣ! ಭರವಸೆಗಳೂ ಗೊತ್ತಿರುವವೇ: ಹೊಸ ಭವನ, ಗ್ರಂಥಾಲಯ, ವಿಮೆ, ವಾಹನ ನಿಲ್ಲಿಸಲು ನೆರಳು. ಇವು ಬೇಡವೆಂದು ನಾವು ಹೇಳುವುದಿಲ್ಲ. ವಕೀಲರೂ ಮನುಷ್ಯರೇ, ಅವರಿಗೂ ಕೂರಲು ಜಾಗ ಬೇಕು.

ಆದರೆ ಆ ಕಾರ್ಡನ್ನು ತಿರುಗಿಸಿ ನೋಡಿ. "ನನ್ನ ಕಕ್ಷಿದಾರನಿಗೆ ಅವನ ಭಾಷೆಯಲ್ಲೇ ಅವನ ಕೇಸು ತಿಳಿಯುವಂತೆ ಮಾಡುತ್ತೇನೆ" ಎಂಬ ಒಂದು ಸಾಲು ಎಲ್ಲಾದರೂ ಇದೆಯೇ? ಇಲ್ಲ! ಏಕೆಂದರೆ ಕಕ್ಷಿದಾರನಿಗೆ ಆ ಚುನಾವಣೆಯಲ್ಲಿ ಮತವಿಲ್ಲ. ಮತ ಇಲ್ಲದವನ ಭಾಷೆಯನ್ನು ಯಾರು ಕೇಳುತ್ತಾರೆ?

ಬಂಧುಗಳೇ, ಮತ ಇಲ್ಲದಿದ್ದರೇನು, ಬಾಯಿ ಇದೆಯಲ್ಲ? ಅವರು ನಿಲ್ಲುವುದು ನಮ್ಮ ವಕಾಲತ್ತಿನ ಮೇಲೆ, ಉಣ್ಣುವುದು ನಮ್ಮ ಫೀಸಿನಲ್ಲಿ.

ಒಂದು ಹೆಬ್ಬೆಟ್ಟಿನ ಕಥೆ

ನಮ್ಮ ಮನೆಯದೇ ಮಾತು ಹೇಳುತ್ತೇನೆ. ಊರಿನ ಹೆಸರು, ವಕೀಲರ ಹೆಸರು ಬೇಡ. ನನ್ನ ಸೋದರಮಾವನಿಗೂ ಅವನ ದಾಯಾದಿಗೂ ನಾಲ್ಕು ಎಕರೆ ಹೊಲದ ಜಗಳ. ವಾಯಿದೆ ಮೇಲೆ ವಾಯಿದೆ ಬಿದ್ದು ಸಾಕಾಗಿ, ಲೋಕ ಅದಾಲತ್ತಿನಲ್ಲಿ ರಾಜಿ ಮಾಡಿಕೊಳ್ಳಲು ಇಬ್ಬರೂ ಒಪ್ಪಿದರು. ಸಮಪಾಲು ಎಂದು ಮಾತಾಗಿತ್ತು. ಇಂಗ್ಲಿಷಿನಲ್ಲಿ ಟೈಪಾದ ಮೂರು ಹಾಳೆ ಮುಂದೆ ಬಂತು.

"ಸಾಹೇಬ್ರ, ಇದ್ರಾಗ ಏನ್ ಬರದೈತ್ರಿ?" ಎಂದು ಮಾವ ಕೇಳಿದ.

"ಎಲ್ಲಾ ನೀವು ಮಾತಾಡಿಕೊಂಡಂಗ ಐತಿ ಯಜಮಾನ್ರ. ಒತ್ರಿ ಹೆಬ್ಬೆಟ್ಟು, ಹೊತ್ತಾಗೈತಿ."

ಒತ್ತಿದ. ಮೋಜಣಿಯವರು ಸರಪಳಿ ಹಿಡಿದು ಹೊಲಕ್ಕೆ ಬಂದ ದಿನ ಗೊತ್ತಾಯಿತು: ಹಾಳೆಯಲ್ಲಿ ಅವನ ಪಾಲು ಒಂದೂವರೆ ಎಕರೆ, ಅದೂ ಬಾವಿ ಇಲ್ಲದ ಕಡೆ!

ಆ ವಕೀಲರು ಮೋಸ ಮಾಡಿದರೋ, ಅವಸರದಲ್ಲಿ ಎದುರಿನವರು ಬರೆಸಿ ತಂದದ್ದನ್ನು ಸರಿಯಾಗಿ ಓದಲಿಲ್ಲವೋ, ದೇವರೇ ಬಲ್ಲ. ನಾನು ಕೇಳುವುದು ಇಷ್ಟೇ: ಆ ಮೂರು ಹಾಳೆ ಕನ್ನಡದಲ್ಲಿದ್ದಿದ್ದರೆ? ಏಳನೇ ಇಯತ್ತೆ ಓದುವ ಅವನ ಮೊಮ್ಮಗಳು ಪಕ್ಕದಲ್ಲೇ ನಿಂತಿದ್ದಳು. ಓದಿ ಹೇಳುತ್ತಿರಲಿಲ್ಲವೇ?

ಈಗ ಕಾನೂನು ನೋಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದ 21ನೇ ಕಲಮಿನ ಪ್ರಕಾರ ಲೋಕ ಅದಾಲತ್ತಿನ ತೀರ್ಪೇ ಅಂತಿಮ, ಅದರ ಮೇಲೆ ಅಪೀಲು ಇಲ್ಲ. ಬಡವರಿಗೆ ಬೇಗ ನ್ಯಾಯ ಸಿಗಲಿ ಎಂದು ಮಾಡಿದ ಒಳ್ಳೆಯ ಕಾನೂನೇ ಅದು. ಆದರೆ ಅಪೀಲಿಲ್ಲದ ಹಾಳೆಗೆ ಅರ್ಥವಾಗದ ಭಾಷೆಯಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡರೆ ಬಡವ ಹೋಗುವುದೆಲ್ಲಿಗೆ? ರಿಟ್ ಅರ್ಜಿ ಹಿಡಿದು ಹೈಕೋರ್ಟಿಗೆ ಹೋಗಬೇಕು. ಅಲ್ಲಿ ಕಾಯುತ್ತಿರುವುದು ಮತ್ತೆ ಅದೇ ಇಂಗ್ಲಿಷು!

ಕಿಂಡಿ ಹೆಬ್ಬಾಗಿಲಾದ ಬಗೆ

"ಕೋರ್ಟಿನ ಭಾಷೆಯೇ ಇಂಗ್ಲಿಷು, ನಾವೇನು ಮಾಡೋಣ?" ಎಂದು ವಕೀಲರು ಹೇಳುತ್ತಾರೆ. ಅರ್ಧ ಸತ್ಯ! ಸಂವಿಧಾನದ 348ನೇ ವಿಧಿ ಇಂಗ್ಲಿಷನ್ನು ಕೂರಿಸಿರುವುದು ಸುಪ್ರೀಂ ಕೋರ್ಟು ಮತ್ತು ಹೈಕೋರ್ಟುಗಳಲ್ಲಿ. ತಾಲ್ಲೂಕು, ಜಿಲ್ಲಾ ಕೋರ್ಟುಗಳಲ್ಲಿ ಅಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 137ನೇ ಕಲಮಿನ ಪ್ರಕಾರ ಕೆಳಗಿನ ಕೋರ್ಟುಗಳ ಭಾಷೆ ಯಾವುದೆಂದು ಘೋಷಿಸುವ ಅಧಿಕಾರ ರಾಜ್ಯ ಸರ್ಕಾರದ್ದು. ಕರ್ನಾಟಕ ಸರ್ಕಾರ ದಶಕಗಳ ಹಿಂದೆಯೇ ಕನ್ನಡ ಎಂದು ಹೇಳಿಯಾಗಿದೆ.

ಹಾಗಾದರೆ ಇಂಗ್ಲಿಷು ನುಗ್ಗಿದ್ದೆಲ್ಲಿಂದ? ಅದೇ 137ನೇ ಕಲಮಿನ ಮೂರನೇ ಉಪಕಲಮಿನಲ್ಲಿ ಒಂದು ಕಿಂಡಿ ಇದೆ. ಸಾಕ್ಷಿಯ ಹೇಳಿಕೆ ಬಿಟ್ಟು ಉಳಿದ ಬರಹ ಇಂಗ್ಲಿಷಿನಲ್ಲೂ ಇರಬಹುದು ಎಂದಿದೆ. "ಇರಬಹುದು" ಎಂದರೆ "ಇರಲೇಬೇಕು" ಎಂದಲ್ಲ. ಆ ಕಿಂಡಿಯನ್ನೇ ಹೆಬ್ಬಾಗಿಲು ಮಾಡಿಕೊಂಡವರು ಯಾರು? ಇಂಗ್ಲಿಷರಲ್ಲ, ನಮ್ಮವರೇ!

ಈಗ ಈ ಮಾತನ್ನು ಕತ್ತರಿಸಿ ಜೇಬಿನಲ್ಲಿ ಇಟ್ಟುಕೊಳ್ಳಿ. ಅದೇ ಉಪಕಲಮು ಮುಂದುವರಿದು ಹೇಳುತ್ತದೆ: ಪಕ್ಷಗಾರನಿಗೆ ಇಂಗ್ಲಿಷ್ ಬಾರದಿದ್ದರೆ, ಅವನು ಕೇಳಿದಾಗ, ಕೋರ್ಟಿನ ಭಾಷೆಗೆ ಅನುವಾದ ಮಾಡಿಸಿ ಕೊಡತಕ್ಕದ್ದು. ಅದರ ಖರ್ಚು ಯಾರು ಕೊಡಬೇಕೆಂದು ಕೋರ್ಟು ತೀರ್ಮಾನಿಸುತ್ತದೆ. ಇದು ಭಿಕ್ಷೆಯಲ್ಲ, ನಿಮ್ಮ ಹಕ್ಕು. 1908ರ ಸಂಹಿತೆ, ಬ್ರಿಟಿಷರೇ ಬರೆದಿಟ್ಟದ್ದು! ಈ ಹಕ್ಕನ್ನು ನಿಮಗೆ ಹೇಳಿಕೊಟ್ಟ ವಕೀಲರು ಎಷ್ಟು ಮಂದಿ? ಇದನ್ನು ಬೋರ್ಡಿನ ಮೇಲೆ ಬರೆಸಿ ಕೋರ್ಟಿನ ಬಾಗಿಲಿಗೆ ಹಾಕಿಸಿದ ಸಂಘ ಯಾವುದು?

ನೆಪಗಳ ಪಟ್ಟಿ

ಮೊದಲ ನೆಪ: "ಕನ್ನಡದಲ್ಲಿ ಕಾನೂನಿನ ಪದಗಳಿಲ್ಲ." ಈ ಮಾತನ್ನು ಮೈಸೂರಿನ ಕಡೆ ಹೇಳಿದ್ದರೆ ಹೇಗೋ, ನಮ್ಮ ಸೀಮೆಯಲ್ಲಿ ಹೇಳಿದರೆ ನಗು ಬರುತ್ತದೆ. ನಿಜಾಮನ ಕಾಲದಲ್ಲಿ ಇಲ್ಲಿನ ಕೋರ್ಟು ನಡೆದದ್ದು ಉರ್ದುವಿನಲ್ಲಿ. ವಕೀಲ, ವಕಾಲತ್ತು, ಫಿರ್ಯಾದಿ, ದಾವೆ, ಜಾಮೀನು, ಖುಲಾಸೆ, ತಕರಾರು, ಕೈಫಿಯತ್ತು, ಅಮೀನ, ನಕಲು. ನಮ್ಮ ಅಕ್ಷರ ಬಾರದ ಅಜ್ಜಿಗೂ ಈ ಪದಗಳು ಗೊತ್ತು. ಪರಭಾಷೆಯ ಪದಗಳನ್ನೇ ನುಂಗಿ ಕನ್ನಡ ಮಾಡಿಕೊಂಡ ಜನ ನಾವು. ನಮಗೆ ಪದಗಳ ಬರವೇ?

ಎರಡನೇ ನೆಪ: "ಹೈಕೋರ್ಟಿಗೆ ಅಪೀಲು ಹೋದರೆ ಅನುವಾದ ಬೇಕಾಗುತ್ತದೆ." ಸರಿ, ಬೇಕಾಗಬಹುದು. ಅಪೀಲು ಹೋಗುವ ಕೆಲವು ಕೇಸುಗಳಿಗಾಗಿ ಇಲ್ಲೇ ಮುಗಿಯುವ ಎಲ್ಲ ಕೇಸುಗಳನ್ನೂ ಇಂಗ್ಲಿಷಿಗೆ ಹಾಕುವುದು ಯಾವ ನ್ಯಾಯ? ಒಬ್ಬನಿಗೆ ಜ್ವರ ಬಂದೀತೆಂದು ಊರಿಗೆಲ್ಲ ಸೂಜಿ ಚುಚ್ಚುವುದೇ?

ಮೂರನೇ ನೆಪ: "ಮೇಲಿನವರೇ ಬರೆಯುವುದಿಲ್ಲ." ಸುಳ್ಳು. ನ್ಯಾಯಮೂರ್ತಿ ಅರಳಿ ನಾಗರಾಜ ಅವರು ಹೈಕೋರ್ಟಿನ ಪೀಠದಲ್ಲಿ ಕೂತೇ ಕನ್ನಡದಲ್ಲಿ ತೀರ್ಪು ಬರೆದರು. 2024ರ ಡಿಸೆಂಬರಿನಲ್ಲಿ ನ್ಯಾಯಮೂರ್ತಿಗಳಾದ ಕೃಷ್ಣ ಎಸ್. ದೀಕ್ಷಿತ್ ಮತ್ತು ಸಿ.ಎಂ. ಜೋಶಿ ಅವರ ವಿಭಾಗೀಯ ಪೀಠ ಕನ್ನಡದಲ್ಲಿ ತೀರ್ಪು ಕೊಟ್ಟಿತು. ಹೈಕೋರ್ಟೇ ಬರೆದ ಮೇಲೆ ತಾಲ್ಲೂಕು ಕೋರ್ಟಿನ ದಾವಾಪತ್ರಕ್ಕೆ ಏನು ದಾಡಿ? ವಕೀಲಿಕೆಗೆ ಬೇಕಾದ ಅಖಿಲ ಭಾರತ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಲು ಅವಕಾಶವಿದೆ. ಕನ್ನಡದಲ್ಲಿ ಬರೆದು ಪಾಸಾದವರು ಕರಿಕೋಟು ಹಾಕಿದ ಕೂಡಲೇ ಕನ್ನಡ ಮರೆಯುವುದೆಂದರೇನು?

ಹೈಕೋರ್ಟಿನಲ್ಲಿ ಕನ್ನಡಕ್ಕೆ ಪೂರ್ಣ ಅನುಮತಿ ಕೇಳಿದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ತಮಿಳುನಾಡು, ಗುಜರಾತ, ಬಂಗಾಳಗಳ ಜೊತೆ ನಮ್ಮ ಬೇಡಿಕೆಯನ್ನೂ 2012ರಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ರಾಜಸ್ಥಾನ, ಉತ್ತರ ಪ್ರದೇಶ, ಮಧ್ಯಪ್ರದೇಶ, ಬಿಹಾರಗಳ ಹೈಕೋರ್ಟುಗಳಲ್ಲಿ ಹಿಂದಿಗೆ ಸಿಕ್ಕ ಜಾಗ ಕನ್ನಡಕ್ಕೆ ಏಕಿಲ್ಲ? ಆ ಹೋರಾಟ ದೊಡ್ಡದು, ನಡೆಯಲೇಬೇಕು. ಆದರೆ ದಿಲ್ಲಿಯ ಅನುಮತಿ ಬೇಕಿಲ್ಲದ ಕೆಳಗಿನ ಕೋರ್ಟಿನಲ್ಲೇ ಕನ್ನಡ ಬಳಸದವರು ದಿಲ್ಲಿಯನ್ನು ಬೈಯುವುದು ಯಾವ ಬಾಯಿಂದ?

ಸಂಘದ ಬಲ ಸಣ್ಣದಲ್ಲ

"ವಕೀಲರ ಸಂಘ ಏನು ಮಾಡೀತು?" ಎನ್ನಬೇಡಿ. 1948ರಲ್ಲಿ ರಜಾಕಾರರ ಹಾವಳಿ ವಿರುದ್ಧ ಹೈದರಾಬಾದ ಸಂಸ್ಥಾನದ ವಕೀಲರು ಕೋರ್ಟುಗಳನ್ನೇ ಬಹಿಷ್ಕರಿಸಿ ಹೊಟ್ಟೆಪಾಡನ್ನು ಪಣಕ್ಕಿಟ್ಟರು. ಉತ್ತರ ಕರ್ನಾಟಕದ ವಕೀಲರ ಸಂಘಗಳು ವರ್ಷಗಟ್ಟಲೆ ಹೋರಾಡಿದ್ದರಿಂದಲೇ 2008ರ ಜುಲೈನಲ್ಲಿ ಧಾರವಾಡ ಮತ್ತು ಕಲಬುರ್ಗಿಗೆ ಸಂಚಾರಿ ಪೀಠ ಬಂತು, 2013ರಲ್ಲಿ ಅದು ಕಾಯಂ ಆಯಿತು. ಅದಕ್ಕೆ ಮೊದಲು ಕೊಪ್ಪಳದ ರೈತ ಅಪೀಲಿಗಾಗಿ ಬುತ್ತಿ ಕಟ್ಟಿಕೊಂಡು ಬೆಂಗಳೂರಿಗೆ ಹೋಗಬೇಕಿತ್ತು. ಈಗ ಗದಗ, ಹುಬ್ಬಳ್ಳಿ ದಾಟಿದರೆ ಧಾರವಾಡ. ಪೀಠವನ್ನೇ ತಂದ ಸಂಘಗಳಿಗೆ ಕನ್ನಡ ತರಲು ಆಗದೇ?

ಬಲ ಇದೆ. ಆದರೆ ಬಹಳ ಸಲ ಅದು ಖರ್ಚಾಗುವುದು ಕಲಾಪ ಬಹಿಷ್ಕಾರದಲ್ಲಿ. ವಕೀಲರಿಗೆ ಮುಷ್ಕರ ಹೂಡುವ ಹಕ್ಕಿಲ್ಲ ಎಂದು ಹರೀಶ್ ಉಪ್ಪಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2002ರಲ್ಲೇ ಹೇಳಿತು. ಆದರೂ ಅಧ್ಯಕ್ಷನ ಗಂಡಸುತನ ಅಳೆಯುವುದು ಎಷ್ಟು ದಿನ ಕೋರ್ಟು ಬಂದ್ ಮಾಡಿಸಿದ ಎಂಬುದರಿಂದ! ಹನುಮಸಾಗರದಿಂದ, ತಾವರಗೇರಾದಿಂದ ಕೂಲಿ ಬಿಟ್ಟು, ಬಸ್ಸು ಹಿಡಿದು ಬಂದವ ಮುಂದಿನ ತಾರೀಖು ಬರೆಸಿಕೊಂಡು ಹೋಗುತ್ತಾನಲ್ಲ, ಅವನ ಕೂಲಿಯನ್ನು ಯಾರು ಕೊಡುತ್ತಾರೆ?

ಅಕ್ಕಂದಿರಿಗೂ ಜಾಗ ಬಂತು

ಒಳ್ಳೆಯದನ್ನೂ ಹೇಳಬೇಕು. 2025ರ ಜನವರಿಯಲ್ಲಿ ಬೆಂಗಳೂರು ವಕೀಲರ ಸಂಘದ ಖಜಾಂಚಿ ಹುದ್ದೆಯನ್ನು ಮಹಿಳೆಯರಿಗೆ ಮೀಸಲಿಡುವಂತೆ ಸುಪ್ರೀಂ ಕೋರ್ಟು ಆದೇಶಿಸಿತು. ಮಾರ್ಚಿನಲ್ಲಿ ರಾಜ್ಯದ ಎಲ್ಲ ಜಿಲ್ಲಾ ವಕೀಲರ ಸಂಘಗಳಿಗೂ ಅದನ್ನು ವಿಸ್ತರಿಸಿ, ಆಡಳಿತ ಮಂಡಳಿಯಲ್ಲಿ ಶೇ. 30 ಸ್ಥಾನವನ್ನು ಅವರಿಗೆ ಕೊಡಿಸಿತು. ಇಷ್ಟು ವರ್ಷ ಬಾರ್ ರೂಮಿನ ಮೂಲೆಯಲ್ಲಿ ಕೂತಿದ್ದ ಹೆಣ್ಣುಮಕ್ಕಳು ಈಗ ಬೀಗದ ಕೈ ಹಿಡಿಯುತ್ತಾರೆ. ತಾವಾಗಿ ಕೊಡಬೇಕಾದ ನ್ಯಾಯವನ್ನು ನ್ಯಾಯವಾದಿಗಳಿಂದಲೇ ಸುಪ್ರೀಂ ಕೋರ್ಟು ಕೊಡಿಸಬೇಕಾಯಿತು ಎಂಬುದು ಮಾತ್ರ ನಾಚಿಕೆಯ ಮಾತು.

ರಾಜ್ಯ ವಕೀಲರ ಪರಿಷತ್ತಿನ ಕಥೆಯೂ ಅಷ್ಟೇ. 1961ರ ವಕೀಲರ ಅಧಿನಿಯಮದಡಿ 25 ಮಂದಿ ಚುನಾಯಿತರು, ಐದು ವರ್ಷದ ಅವಧಿ. 2018ರಲ್ಲಿ ಚುನಾವಣೆ ಆಯಿತು. ಆಮೇಲೆ ಅವಧಿ ಮುಗಿದರೂ ಕುರ್ಚಿ ಬಿಡಲಿಲ್ಲ. ದೇಶದ ಪರಿಷತ್ತುಗಳಿಗೆಲ್ಲ ಚುನಾವಣೆಯ ಗಡುವು ಹಾಕಲು 2025ರಲ್ಲಿ ಸುಪ್ರೀಂ ಕೋರ್ಟೇ ಬರಬೇಕಾಯಿತು. ನೆನಪಿಡಿ, ದಾರಿ ತಪ್ಪಿದ ವಕೀಲನ ಮೇಲೆ ನೀವು ದೂರು ಕೊಡಬೇಕಾದ ಜಾಗ ಅದೇ ಪರಿಷತ್ತು. ಹಾಗಾಗಿ ಅಲ್ಲಿ ಯಾರು ಕೂರುತ್ತಾರೆಂಬುದು ನಿಮ್ಮ ವಿಚಾರವೂ ಹೌದು.

ಕೇಳಿ, ನಾಚಬೇಡಿ!

ಮುಂದಿನ ಸಲ ನಿಮ್ಮ ವಕೀಲರು ಅಭ್ಯರ್ಥಿಯಾಗಿ ನಿಂತಾಗ, ಅಥವಾ ಮತ ಹಾಕಲು ಹೊರಟಾಗ, ಮರ್ಯಾದೆಯಿಂದಲೇ ಐದು ಪ್ರಶ್ನೆ ಕೇಳಿ:

ಒಂದು, ಸಾಹೇಬರೇ, ಕಳೆದ ವರ್ಷ ನೀವು ಹಾಕಿದ ದಾವಾಪತ್ರಗಳಲ್ಲಿ ಕನ್ನಡದವು ಎಷ್ಟು?

ಎರಡು, ರಾಜಿಪತ್ರಕ್ಕೆ ಸಹಿ ಹಾಕಿಸುವ ಮೊದಲು ಕನ್ನಡದ ಪ್ರತಿ ಕೊಡುವ ಕಟ್ಟಳೆಯನ್ನು ನಿಮ್ಮ ಸಂಘ ಮಾಡುತ್ತದೆಯೇ?

ಮೂರು, 137ನೇ ಕಲಮಿನ ಅನುವಾದದ ಹಕ್ಕನ್ನು ಕೋರ್ಟಿನ ಆವರಣದಲ್ಲಿ ಕನ್ನಡದಲ್ಲಿ ಬರೆಸಿ ಹಾಕುತ್ತೀರಾ?

ನಾಲ್ಕು, ಸಂಘದ ಗ್ರಂಥಾಲಯಕ್ಕೆ ಕನ್ನಡದ ಕಾನೂನು ಪುಸ್ತಕ, ಕಿರಿಯ ವಕೀಲರಿಗೆ ಕನ್ನಡದಲ್ಲಿ ಕರಡು ಬರೆಯುವ ತರಬೇತಿ ಕೊಡುತ್ತೀರಾ?

ಐದು, ಕಲಾಪ ಬಹಿಷ್ಕರಿಸುವ ಮೊದಲು ದೂರದಿಂದ ಬಂದ ಕಕ್ಷಿದಾರನನ್ನು ನೆನೆಯುತ್ತೀರಾ?

ಈ ಐದಕ್ಕೂ ಹೌದು ಎನ್ನುವವರು ಯಾವ ಜಾತಿಯವರಾದರೂ, ಯಾವ ಬಣದವರಾದರೂ, ಮನೆಯಲ್ಲಿ ಯಾವ ಮಾತಾಡುವವರಾದರೂ ಗೆಲ್ಲಲಿ. ಕನ್ನಡದಲ್ಲಿ ಬರೆದು ವಾದಿಸುವ ವಕೀಲರು ನಮ್ಮ ಜಿಲ್ಲೆಯಲ್ಲಿ ಇಲ್ಲದಿಲ್ಲ. ಅಂಥವರ ಹತ್ತಿರ ಕೇಸು ಕೊಂಡೊಯ್ಯಿರಿ. ನಿಮ್ಮ ಮತ ಚೀಟಿಯಲ್ಲಿಲ್ಲ, ವಕಾಲತ್ತಿನಲ್ಲಿದೆ. ಅದನ್ನು ನೋಡಿ ಚಲಾಯಿಸಿ.

ವಕೀಲ ಬಂಧುಗಳೇ, ನಿಮಗೂ ಒಂದು ಮಾತು. ಹುಲಿಗೆಮ್ಮನ ಮುಂದೆ ನಿಂತಾಗ ನೀವೂ ಕನ್ನಡದಲ್ಲೇ ಬೇಡುತ್ತೀರಿ. ಆ ತಾಯಿಗೆ ತಿಳಿಯುವ ಭಾಷೆ ನ್ಯಾಯಾಧೀಶರಿಗೆ ತಿಳಿಯದೇ? ನನ್ನ ಮಾವ ಬಾವಿ ಕಳೆದುಕೊಂಡ. ಇನ್ನೊಬ್ಬನ ಹೆಬ್ಬೆಟ್ಟು ಶಾಯಿಗೆ ಇಳಿಯುವ ಮೊದಲು ಆ ಹಾಳೆಯನ್ನು ಕನ್ನಡ ಮಾಡಿ. ಆಮೇಲೆ ಬಂದು ಮತ ಕೇಳಿ.

ಜೈ ಕನ್ನಡಾಂಬೆ!