ನಮ್ಮ ನಮ್ಮಲ್ಲಿ ಎಂಥ ಲೆಕ್ಕ?

"ನಮ್ಮ ನಮ್ಮಲ್ಲಿ ಎಂಥ ಲೆಕ್ಕ ಮಾರಾಯ?" ಕೇಳಲು ಇಷ್ಟು ಇಂಪಾಗಿದ್ದು, ಒಳಗೆ ಇಷ್ಟು ಅನ್ಯಾಯ ಬಚ್ಚಿಟ್ಟುಕೊಂಡ ಮಾತು ಕನ್ನಡದಲ್ಲಿ ಇನ್ನೊಂದಿದೆಯೋ ಇಲ್ಲವೋ. ಬಿಕಾಂ, ಸಿಎ ಮುಗಿಸಿ ಹದಿನಾರು ವರ್ಷದಿಂದ ಮಸ್ಕತ್ತಿನಲ್ಲಿ ಪರರ ಲೆಕ್ಕ ನೋಡಿ ಅನ್ನ ಉಣ್ಣುತ್ತಿರುವವನು ನಾನು. "ಇವನಿಗೆ ಎಲ್ಲದರಲ್ಲೂ ದುಡ್ಡೇ ಕಾಣುತ್ತದೆ" ಎಂಬ ಕುಹಕ ನನಗೆ ಹೊಸದಲ್ಲ. ಆದರೂ ಹೇಳುತ್ತೇನೆ: ಗೆಳೆತನ ಕೆಡುವುದು ಲೆಕ್ಕ ಇಟ್ಟದ್ದರಿಂದಲ್ಲ, ಇಡದೇ ಇದ್ದುದರಿಂದ. ಗೆಳೆಯರಿಬ್ಬರು ಬೈಕಿನಲ್ಲಿ ದೂರ ಹೊರಟಾಗ ಇದು ಕಣ್ಣಿಗೆ ಹೊಡೆಯುವಂತೆ ಕಾಣುತ್ತದೆ.

ಒಮಾನಿನಲ್ಲಿರುವ ಬೈಕ್ ಹುಚ್ಚಿನವರಿಗೆಲ್ಲ ಸಲಾಲಾ ಒಂದು ಯಾತ್ರಾಸ್ಥಳ. ಮಸ್ಕತ್ತಿನಿಂದ ನಿಜ್ವಾ, ಆದಂ, ಹೈಮಾ, ಥುಮ್ರೈತ್ ದಾಟಿ ಸುಮಾರು 1000 ಕಿಲೋಮೀಟರ್. ಬಹುಪಾಲು ಬರೀ ಮರುಭೂಮಿ. ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಖರೀಫ್ ಕಾಲ. ನಮ್ಮ ಕೃಷಿ ಇಲಾಖೆಯವರು ಮುಂಗಾರು ಬೆಳೆಗೆ ಖಾರಿಫ್ ಅನ್ನುತ್ತಾರಲ್ಲ, ಅದೇ ಅರಬ್ಬಿ ಪದ. ನಮ್ಮೂರಿಗೆ ಮಳೆ ತರುವ ನೈಋತ್ಯ ಮಾರುತವೇ ಧೋಫಾರದ ಬೆಟ್ಟಗಳಿಗೆ ಮಂಜು, ಜಿಟಿಜಿಟಿ ಹನಿ, ಹಸಿರು ತರುತ್ತದೆ. ಮಲೆನಾಡಿನವನಾದ ನನಗೆ ಅದು ಆಷಾಢದ ಊರು. ಹಾಗಾಗಿ ಆ ಆಸೆಗೆ ಬೆಲೆ ಕಟ್ಟಬೇಡಿ ಎಂದರೆ ಒಪ್ಪುತ್ತೇನೆ. ಆಸೆಗೆ ಬೆಲೆಯಿಲ್ಲ, ದಾರಿಗೆ ಇದೆ.

ಹೊರಡುವ ಮುಂಚೆ ಎಲ್ಲರೂ ಹಾಕುವ ಅಂದಾಜು ಒಂದೇ: ಪೆಟ್ರೋಲು, ರೂಮು, ಊಟ. ಈ ದೇಶದಲ್ಲಿ ಪೆಟ್ರೋಲು ಅಗ್ಗ. ಚಕ್ರ ಸವೆಯುವುದು, ಚೈನು ಎಳೆಯುವುದು, ಆಯಿಲ್ ಬದಲಿಸುವುದು ಯಾರ ಪಟ್ಟಿಯಲ್ಲೂ ಇರುವುದಿಲ್ಲ. ಹೋಗಿಬರುವ 2000 ಕಿಲೋಮೀಟರ್ ಟಯರಿನ ಆಯುಸ್ಸಿನಲ್ಲಿ ದೊಡ್ಡ ತುತ್ತು. ಕಡ್ಡಾಯದ ಥರ್ಡ್ ಪಾರ್ಟಿ ವಿಮೆ ಎದುರಿನವನ ನಷ್ಟ ತುಂಬುತ್ತದೆಯೇ ಹೊರತು ನಿಮ್ಮ ಬೈಕನ್ನು ಮರಳಿನಿಂದ ಎತ್ತಿ ತರುವುದಿಲ್ಲ. ಖರೀಫ್‌ನಲ್ಲಿ ಸಲಾಲಾದ ರೂಮಿನ ಬಾಡಿಗೆ ಏರುತ್ತದೆ ಎಂಬುದು ಚಹಾ ಅಂಗಡಿಯವನಿಗೂ ಗೊತ್ತು. ಇಷ್ಟೆಲ್ಲ ಗೊತ್ತಿದ್ದೂ ಖರ್ಚು ಬಂದಾಗ "ಅನಿರೀಕ್ಷಿತ" ಎನ್ನುತ್ತೇವೆ. ಅದು ಅನಿರೀಕ್ಷಿತವಲ್ಲ, ಬರೆಯದೆ ಬಿಟ್ಟದ್ದು.

ನಾನೂ ಗೆಳೆಯನೂ ಹೊರಟದ್ದು ಜುಲೈಯಲ್ಲಿ, ಒಬ್ಬೊಬ್ಬರಿಗೆ ಒಂದೊಂದು ಬೈಕ್. ಅವನು ಒಂದು ಗೋದಾಮಿನಲ್ಲಿ ಸ್ಟೋರ್‌ಕೀಪರ್. ಊರಿಗೆ ಹಣ ಕಳಿಸಿ ಉಳಿದದ್ದರಲ್ಲಿ ಕೊಂಡ ಹಳೆಯ ಬೈಕು ಅವನದು. ಹೊರಡುವ ವಾರದ ಮುಂಚೆ ನಾನು ಕಾಗದ ತೆಗೆದಾಗ ಅವನು ಹೇಳಿದ್ದೇ ಮೇಲಿನ ಮಾತು. ಆದರೂ ಕೂತು ಬರೆದೆವು: ಬೈಕಿನ ಮೈಗೆ ಉಳಿಯುವ ಖರ್ಚು ಬೈಕಿನವನದು, ಪ್ರಯಾಣಕ್ಕಾಗಿ ಆಗುವ ಖರ್ಚು ಇಬ್ಬರದು.

ಮೊದಲ ರಾತ್ರಿ ಹೈಮಾದಲ್ಲಿ ತಂಗಿ ಬೆಳಕು ಹರಿಯುವ ಮುನ್ನ ಹೊರಟೆವು. ಎಪ್ಪತ್ತು ಕಿಲೋಮೀಟರ್ ಹೋಗಿದ್ದೇವೆ, ರಸ್ತೆಯಲ್ಲಿ ಬಿದ್ದಿದ್ದ ಕಬ್ಬಿಣದ ತುಂಡು ಅವನ ಹಿಂದಿನ ಟಯರಿನ ಪಕ್ಕವನ್ನೇ ಸೀಳಿತು. ಪಕ್ಕ ಹರಿದ ಟಯರಿಗೆ ಪ್ಲಗ್ ಹಾಕುವಂತಿಲ್ಲ. ಮುಂದೆ ಹೋದವನು ನಾನು. ಗೇಣು ಅಂತರದಲ್ಲಿ ಅದು ನನಗೆ ತಪ್ಪಿತ್ತು. ರಿಕವರಿ ಗಾಡಿಯಲ್ಲಿ ಹೈಮಾಕ್ಕೆ ವಾಪಸ್ಸು: 38 ರಿಯಾಲ್. ಆ ಅಳತೆಯ ಟಯರ್ ಅಲ್ಲಿಲ್ಲ. ಮಸ್ಕತ್ತಿನಿಂದ ತರಿಸಿ ಹಾಕಿಸಲು 48, ಬಸ್ಸಿನಲ್ಲಿ ಪಾರ್ಸೆಲ್ಲಿಗೆ 4. ಹೈಮಾದಲ್ಲಿ ಇನ್ನೊಂದು ರಾತ್ರಿಗೆ 18. ಸಲಾಲಾದಲ್ಲಿ ಮುಂಗಡ ಕೊಟ್ಟಿದ್ದ ಮೊದಲ ರಾತ್ರಿಯ ರೂಮು ಖಾಲಿ ಬಿತ್ತು; ಹೋಟೆಲಿನವರು ಬಿಡಿಗಾಸೂ ಹಿಂದಿರುಗಿಸಲಿಲ್ಲ: 40. ಒಟ್ಟು 148 ರಿಯಾಲ್, ಅವನ ತಿಂಗಳ ಸಂಬಳದ ಹೆಚ್ಚುಕಡಿಮೆ ಅರ್ಧ.

ರಸ್ತೆ ಬದಿಯಲ್ಲಿ ಅವನು ಹೇಳಿದ್ದು ಒಂದೇ ಮಾತು: "ನನ್ನ ಗಾಡಿ, ನನ್ನ ಕರ್ಮ. ನೀನು ಸುಮ್ಮನಿರು." ಲೆಕ್ಕವಿಲ್ಲದ ಗೆಳೆತನದ ನಿಜರೂಪ ಇದು. ಇಲ್ಲಿ ಬಡವನು ತಾನಾಗಿಯೇ ಪೂರ್ತಿ ಭಾರ ಹೊರುತ್ತಾನೆ, ಯಾಕೆಂದರೆ ಕೇಳಲು ನಾಚಿಕೆ. ಇಲ್ಲವೇ ಉಳ್ಳವನು "ಇರಲಿ ಬಿಡು" ಎಂದು ಜೇಬಿನಿಂದ ತೆಗೆದು ದೊಡ್ಡವನಾಗುತ್ತಾನೆ, ಇನ್ನೊಬ್ಬ ವರ್ಷಗಟ್ಟಲೆ ಚಿಕ್ಕವನಾಗಿ ಉಳಿಯುತ್ತಾನೆ. ಎರಡರಲ್ಲೂ ಉಳ್ಳವನಿಗೆ ನಷ್ಟವಿಲ್ಲ. ಅದಕ್ಕೇ ಅನ್ನುವುದು, ಲೆಕ್ಕ ಬೇಡ ಎನ್ನುವ ನಿಯಮ ನಡೆಯುವುದು ಉಳ್ಳವನ ಅನುಕೂಲಕ್ಕೆ.

ನಮ್ಮ ಕಾಗದ ಬೇರೆ ಹೇಳಿತ್ತು. ಟಯರ್ ಮುಂದೆಯೂ ಅವನ ಬೈಕಿನಲ್ಲೇ ಓಡುತ್ತದೆ; 48 ಅವನದು. ಉಳಿದ 100 ಪ್ರಯಾಣದ್ದು, ತಲಾ 50. ಅವನು 98 ಕೊಟ್ಟ, ನಾನು 50. ಯಾರೂ ಯಾರಿಗೂ ಉಪಕಾರ ಮಾಡಲಿಲ್ಲ. ಮರುದಿನ ಸಲಾಲಾದ ಮಂಜಿನಲ್ಲಿ ಎಳನೀರು ಕುಡಿಯುವಾಗ ನಮ್ಮ ನಡುವೆ ಹಣದ ಮೌನ ಇರಲಿಲ್ಲ.

ಹಣದ ಮಾತು ಮೊದಲೇ ಎತ್ತುವುದು ನಮ್ಮ ಸಂಸ್ಕೃತಿಯಲ್ಲ ಎನ್ನುವವರಿದ್ದಾರೆ. ಅವರು ಯಾವ ಊರಿನವರೋ. ನಮ್ಮ ಕಡೆ ಮದುವೆ ಮನೆಯಲ್ಲಿ ಪುಸ್ತಕ ಹಿಡಿದು ಕೂತವನು ಯಾರ ಮುಯ್ಯಿ ಎಷ್ಟು ಎಂದು ಬರೆಯುತ್ತಿದ್ದ. ಅವರ ಮನೆಯ ಮದುವೆಗೆ ಅದು ತಿರುಗಿ ಹೋಗುತ್ತಿತ್ತು. ನಾಟಿಗೆ ಮುಯ್ಯಾಳು ಬಂದರೆ ಬಂದ ದಿನಗಳ ಎಣಿಕೆ ಎರಡೂ ಮನೆಗೆ ನೆನಪಿರುತ್ತಿತ್ತು. ಆ ಲೆಕ್ಕದಿಂದ ಸಂಬಂಧ ಮುರಿಯಲಿಲ್ಲ, ತಲೆಮಾರುಗಟ್ಟಲೆ ಉಳಿಯಿತು. "ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ" ಎಂಬ ಗಾದೆ ಹುಟ್ಟಿದ್ದು ಲೆಕ್ಕ ತಪ್ಪಿದ ಮನೆಗಳಲ್ಲೇ ಇರಬೇಕು.

ಗೆಳೆಯನಿಗೆ ಕೊಡಬಾರದೇ? ಧಾರಾಳ ಕೊಡಿ. ಆದರೆ ಎಷ್ಟು ಎಂದು ಇಬ್ಬರಿಗೂ ಗೊತ್ತಾದ ಮೇಲೆ, ಉಡುಗೊರೆ ಎಂದು ಹೇಳಿ ಕೊಡಿ. ಹೆಸರಿಡದೆ ಕೊಟ್ಟ ಹಣ ಕೊಟ್ಟವನ ಮನಸ್ಸಿನಲ್ಲಿ ಸಾಲವಾಗಿ, ಪಡೆದವನ ಮನಸ್ಸಿನಲ್ಲಿ ಅವಮಾನವಾಗಿ ಬೆಳೆಯುತ್ತದೆ.

ಬೆಂಗಳೂರಿನಿಂದ ಲೇಹ್‌ಗೆ ಹೊರಡುವ ಹುಡುಗರಿಗೂ ಇದೇ ಮಾತು. ರೈಲಿಗೆ ಬೈಕ್ ಹಾಕಲು ಗೋಣಿ ಸುತ್ತಿಸುವ ಕೂಲಿಯಿಂದ ಹಿಡಿದು, ಒಬ್ಬನಿಗೆ ಬೆಟ್ಟದಲ್ಲಿ ಉಸಿರು ಕಟ್ಟಿದರೆ ಎಲ್ಲರೂ ಉಳಿಯಬೇಕಾದ ರಾತ್ರಿಯವರೆಗೆ ಮೊದಲೇ ಬರೆಯಿರಿ. ನಮ್ಮ ಎಎಸ್ 29ರ ಪ್ರಕಾರ ಇನ್ನೂ ಆಗದ ಘಟನೆಗೆ ಪ್ರಾವಿಜನ್ ಮಾಡುವಂತಿಲ್ಲ. ಆದರೆ ಮೀಸಲು ಹಣ ಇಡಬೇಡಿ ಎಂದು ಯಾವ ಸ್ಟ್ಯಾಂಡರ್ಡೂ ಹೇಳಿಲ್ಲ. ಇಬ್ಬರಲ್ಲಿ ಕಡಿಮೆ ಸಂಬಳದವನಿಗೆ ಎಷ್ಟು ಹಾಕಲು ಆಗುತ್ತದೋ ಅಷ್ಟನ್ನೇ ಇಬ್ಬರೂ ಹಾಕಿ. ಪ್ರಯಾಣದ ಉದ್ದವನ್ನು ಅದಕ್ಕೆ ತಕ್ಕಂತೆ ಕತ್ತರಿಸಿ. ಉಳಿದರೆ ಹಂಚಿಕೊಳ್ಳಿ.

ಹೀಗೆ ಬರೆಯಲು ಒಂದು ಲೋಟ ಚಹಾದ ಹೊತ್ತು ಸಾಕು. ಅಷ್ಟನ್ನೂ ತಡೆಯಲಾರದ ಗೆಳೆತನ ನಿಮ್ಮದಾದರೆ, 1000 ಕಿಲೋಮೀಟರ್ ಹೋಗಿ ಅದನ್ನು ಕಂಡುಕೊಳ್ಳುವುದಕ್ಕಿಂತ ಮನೆಯಲ್ಲೇ ಕಂಡುಕೊಳ್ಳುವುದು ಅಗ್ಗ.