ಮೊದಲು ಫ್ಯೂಸ್ ನೋಡಿ
1960ರ ದಶಕದ ಅಮೆರಿಕದ ಮನೆಗಳಲ್ಲಿ ಮ್ಯಾಗ್ನವಾಕ್ಸ್ ಆಸ್ಟ್ರೋ-ಸಾನಿಕ್‌ನಂಥ ಸ್ಟೀರಿಯೊ ಕನ್ಸೋಲ್ ಪೀಠೋಪಕರಣವೂ ಹೌದು, ಹಾಡುಪೆಟ್ಟಿಗೆಯೂ ಹೌದು. ಸ್ವಿಚ್ ಒತ್ತಿದರೆ ದೀಪ ಹತ್ತಲಿಲ್ಲವೆಂದು ಅದರ ಒಡಲು ಬಗೆದು ಮದ್ಯದ ಕಪಾಟು ಮಾಡುವವರಿದ್ದಾರೆ. ಇದು ಅನ್ಯಾಯ.

ದೋಷ ಎಷ್ಟೋ ಸಲ ಫ್ಯೂಸ್, ಬಿರಿದ ವಯರ್ ಅಥವಾ ಸವೆದ ಸ್ವಿಚ್‌ನಲ್ಲಿರುತ್ತದೆ. ಪ್ಲಗ್ ಕಿತ್ತು, ಮಲ್ಟಿಮೀಟರ್‌ನಿಂದ ಮೊದಲು ಇವನ್ನೇ ಪರೀಕ್ಷಿಸಬೇಕು. ಆಗಲೂ ಕೆಪಾಸಿಟರ್‌ಗಳಲ್ಲಿ ವಿದ್ಯುತ್ ಉಳಿದಿರಬಹುದು; ವಾಲ್ವ್ ಸೆಟ್‌ಗಳಲ್ಲಂತೂ ಅದು ಪ್ರಾಣಾಂತಕವಾಗಬಹುದು. ಹೊಸ ಫ್ಯೂಸೂ ಸುಟ್ಟರೆ ಹೆಚ್ಚು ಆಂಪಿಯರ್‌ನದನ್ನು ಹಾಕಕೂಡದು, ಬೆಂಕಿಯ ಅಪಾಯವಿದೆ. ಕನ್ಸೋಲ್‌ಗೆ ವಿದ್ಯುತ್ ಬರುವ ದಾರಿಯಲ್ಲಿ, ಸರಣಿಯಲ್ಲಿ, ಹಳೆಯ ಮಾದರಿಯ ತಂತಿಬಲ್ಬ್ ಜೋಡಿಸಿ ನೋಡಬೇಕು. ಅದು ಪ್ರಖರವಾಗಿ ಉರಿಯುತ್ತಲೇ ಇದ್ದರೆ ಒಳಗೆಲ್ಲೋ ಶಾರ್ಟ್ ಇದೆ.

1946ರಲ್ಲಿ ಶುರುವಾದ ಸ್ಯಾಮ್ಸ್ ಫೋಟೋಫ್ಯಾಕ್ಟ್ ಎಂಬ ಕೈಪಿಡಿಮಾಲೆ ಇಂಥ ಯಂತ್ರಗಳ ಸರ್ಕ್ಯೂಟ್ ನಕ್ಷೆಗಳನ್ನು ರಿಪೇರಿಯವರಿಗೆ ಒದಗಿಸುತ್ತಿತ್ತು. ಇಂದಿನ ತಯಾರಕರೂ ನಕ್ಷೆ, ಬಿಡಿಭಾಗ ಕೊಡುವುದನ್ನು ಕಾನೂನು ಕಡ್ಡಾಯ ಮಾಡಬೇಕು.