ನೀರಿಗಿಳಿಯುವ ಮುನ್ನ ಮಾತ್ರೆಯ ಲೆಕ್ಕ

ಮುರುಡೇಶ್ವರದ ತೀರದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿರುವ ನೇತ್ರಾಣಿ ದ್ವೀಪ ಈಗ ಕನ್ನಡಿಗರ ಪ್ರವಾಸದ ನಕಾಶೆಯಲ್ಲಿ ಗಟ್ಟಿಯಾದ ಸ್ಥಾನ ಪಡೆದಿದೆ. ಮಳೆಗಾಲ ಮುಗಿದು ಕಡಲು ತಿಳಿಯಾದೊಡನೆ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸ್ಕೂಬಾ ಡೈವಿಂಗ್ ಮಾಡುವವರು ಅಲ್ಲಿಗೆ ಬರತೊಡಗುತ್ತಾರೆ. ಅಂಡಮಾನಿನವರೆಗೆ ಹೋಗುವವರೂ ಕಡಿಮೆಯಿಲ್ಲ. ಇವರೆಲ್ಲರೂ ಇಪ್ಪತ್ತರ ಹರೆಯದವರಲ್ಲ; ಮಕ್ಕಳ ಒತ್ತಾಯಕ್ಕೆ ಹೊರಟ, ಐವತ್ತು ದಾಟಿದ ತಂದೆತಾಯಂದಿರೂ ಇದ್ದಾರೆ. ರಕ್ತದೊತ್ತಡದ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆ ಅವರಲ್ಲಿ ಅನೇಕರ ದಿನಚರಿಯ ಭಾಗ. ಆದರೆ ದೋಣಿ ಏರುವ ಮುನ್ನ ಭರ್ತಿ ಮಾಡುವ ಆರೋಗ್ಯ ಪ್ರಶ್ನಾವಳಿಯಲ್ಲಿ ‘ಇಲ್ಲ’ ಎಂಬ ಉತ್ತರಗಳಿಗೆ ಸಾಲಾಗಿ ಗುರುತು ಹಾಕಿ ಸಹಿ ಮಾಡುವ ಪ್ರಲೋಭನೆ ದೊಡ್ಡದು.

ಸರ್ಕಾರಿ ಸೇವೆಯಲ್ಲಿ ದಶಕಗಟ್ಟಲೆ ಅರ್ಜಿ, ಘೋಷಣಾಪತ್ರಗಳ ನಡುವೆ ಕಳೆದವನಿಗೆ ನಮ್ಮ ಜನರ ಈ ಸ್ವಭಾವ ಹೊಸದಲ್ಲ. ಘೋಷಣೆ ಎಂದರೆ ಮುಂದಿನ ಮೇಜಿಗೆ ದಾಟುವ ರಹದಾರಿ ಎಂದಷ್ಟೇ ನಾವು ಭಾವಿಸಿದ್ದೇವೆ. ಕಚೇರಿಯಲ್ಲಿ ತಪ್ಪು ಘೋಷಣೆಯ ಫಲ ಕಡತ ವಾಪಸಾಗುವುದು. ಸಮುದ್ರದಡಿಯಲ್ಲಿ ಅದರ ಫಲ ಬೇರೆ.

ವೈದ್ಯರು ಬರೆದುಕೊಟ್ಟ ಔಷಧ ಸೇವಿಸುತ್ತಿದ್ದೀರಾ ಎಂದು 2020ರಲ್ಲಿ ಪರಿಷ್ಕೃತವಾದ ಅಂತರರಾಷ್ಟ್ರೀಯ ಪ್ರಶ್ನಾವಳಿ ನೇರವಾಗಿ ಕೇಳುತ್ತದೆ. ಗರ್ಭನಿರೋಧಕಗಳಿಗೆ ಮತ್ತು ಮೆಫ್ಲೊಕ್ವಿನ್ ಹೊರತಾದ ಮಲೇರಿಯಾ ಔಷಧಗಳಿಗೆ ಮಾತ್ರ ವಿನಾಯಿತಿ ಇದೆ. ಉಳಿದ ಯಾವುದಕ್ಕೇ ‘ಹೌದು’ ಎಂದರೂ ವೈದ್ಯರ ಒಪ್ಪಿಗೆ ಬೇಕು. ಇದು ಅತಿಯಾದ ಎಚ್ಚರಿಕೆಯಲ್ಲ. ಪ್ರತಿ 10 ಮೀಟರ್ ಆಳಕ್ಕೆ ದೇಹದ ಮೇಲಿನ ಒತ್ತಡ ಒಂದು ವಾಯುಮಂಡಲದಷ್ಟು ಹೆಚ್ಚುತ್ತದೆ. 10 ಮೀಟರಿನಲ್ಲಿ ಅದು ದಡದಲ್ಲಿದ್ದುದರ ಎರಡರಷ್ಟು. ನಾವು ನಿತ್ಯ ನುಂಗುವ ಮಾತ್ರೆಗಳಲ್ಲಿ ಬಹುಪಾಲು ಇಂಥ ಒತ್ತಡದಲ್ಲಿ ಪರೀಕ್ಷೆಗೆ ಒಳಗಾದವಲ್ಲ.

ನೀರಿನಲ್ಲಿ ಮುಳುಗಿದಾಗ ಕೈಕಾಲುಗಳ ರಕ್ತ ಎದೆಯ ಭಾಗಕ್ಕೆ ಸರಿಯುತ್ತದೆ. ಹೃದಯದ ಹೊರೆ ಹೆಚ್ಚುತ್ತದೆ, ಮೂತ್ರವೂ ಹೆಚ್ಚುತ್ತದೆ. ಕೆಲವರಲ್ಲಿ ಶ್ವಾಸಕೋಶಕ್ಕೆ ನೀರಿನಂಶ ಒಸರಿ ಉಸಿರಾಟ ಕಷ್ಟವಾಗುವುದುಂಟು; ಅಧಿಕ ರಕ್ತದೊತ್ತಡ ಈ ಅಪಾಯವನ್ನು ಹೆಚ್ಚಿಸುವ ಅಂಶಗಳಲ್ಲೊಂದು. ಅಟೆನೊಲಾಲ್, ಮೆಟೊಪ್ರೊಲಾಲ್‌ಗಳಂಥ ಮಾತ್ರೆಗಳು ಹೃದಯದ ಬಡಿತವನ್ನು ತಗ್ಗಿಸಿ ಇಡುತ್ತವೆ. ದಡದಲ್ಲಿ ಅದೇ ಅವುಗಳ ಗುಣ. ಪ್ರವಾಹಕ್ಕೆ ಎದುರಾಗಿ ಈಜಬೇಕಾದಾಗ ಹೃದಯ ಬೇಕಾದಷ್ಟು ವೇಗ ಪಡೆಯದೆ ದೇಹ ಬೇಗ ಸೋಲಬಹುದು. ಮೂತ್ರ ಹೆಚ್ಚಿಸುವ ಮಾತ್ರೆ ನುಂಗಿ, ಬಿಸಿಲಿನಲ್ಲಿ ದೋಣಿಯಲ್ಲಿ ಕುಳಿತವರಿಗೆ ನಿರ್ಜಲೀಕರಣದ ಭಯವಿದೆ.

ಸಕ್ಕರೆ ಕಾಯಿಲೆಯಲ್ಲಿ ಮಾತ್ರೆಯಿಂದ ಮಾತ್ರೆಗೆ ವ್ಯತ್ಯಾಸವಿದೆ. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಲ್ಲಿ ಸಕ್ಕರೆ ಹಠಾತ್ತನೆ ಕುಸಿಯುವುದು ವಿರಳ. ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್‌ನಂಥ ಮಾತ್ರೆಗಳ ಮಾತು ಹಾಗಲ್ಲ. ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಮತ್ತು ಅಂಡರ್‌ಸೀ ಅಂಡ್ ಹೈಪರ್‌ಬಾರಿಕ್ ಮೆಡಿಕಲ್ ಸೊಸೈಟಿ 2005ರಲ್ಲಿ ರೂಪಿಸಿದ ಮಾರ್ಗಸೂಚಿಯ ಪ್ರಕಾರ, ನೀರಿಗಿಳಿಯುವ ಒಂದು ಗಂಟೆ ಮುಂಚೆ, ಅರ್ಧ ಗಂಟೆ ಮುಂಚೆ ಮತ್ತು ಇಳಿಯುವ ಕ್ಷಣದಲ್ಲಿ ರಕ್ತ ಪರೀಕ್ಷಿಸಬೇಕು. ಸಕ್ಕರೆಯ ಪ್ರಮಾಣ ಡೆಸಿಲೀಟರಿಗೆ 150 ಮಿಲಿಗ್ರಾಂಗಿಂತ ಕಡಿಮೆಯಿರಬಾರದು, ಇಳಿಮುಖವೂ ಆಗಿರಬಾರದು. ದಡದಲ್ಲಾದರೆ ತಲೆ ಸುತ್ತಿದವರ ಬಾಯಿಗೆ ಸಕ್ಕರೆ ಹಾಕಬಹುದು. ನೀರಿನಡಿ ಬಾಯಲ್ಲಿರುವುದು ಉಸಿರಾಟದ ಕೊಳವೆ.

ಚೀಟಿ ಇಲ್ಲದೆ ಸಿಗುವ ಔಷಧಗಳನ್ನು ಔಷಧವೆಂದೇ ಪರಿಗಣಿಸದಿರುವುದು ಇನ್ನೊಂದು ತೊಡಕು. ಕಟ್ಟಿದ ಮೂಗು ಬಿಡಿಸಲು ಮಾತ್ರೆ ನುಂಗಿ ಇಳಿದವರಿಗೆ, ಅದರ ಪ್ರಭಾವ ಆಳದಲ್ಲಿರುವಾಗಲೇ ಮುಗಿದರೆ, ಕಿವಿ ಮತ್ತು ಮೂಗಿನ ಸುತ್ತಲಿನ ಕುಹರಗಳಲ್ಲಿ ಸಿಕ್ಕಿಬಿದ್ದ ಗಾಳಿ ಮೇಲೇರುವಾಗ ಹಿಗ್ಗಿ ಗಾಯ ಮಾಡಬಲ್ಲದು. ಘಟ್ಟದ ಬಸ್ಸಿನಲ್ಲಿ ವಾಂತಿ ತಡೆಯಲು ನಾವು ನುಂಗುವ ಅವೊಮಿನ್ ತೂಕಡಿಕೆ ತರುತ್ತದೆ. ಸುಮಾರು 30 ಮೀಟರಿನಿಂದಾಚೆಗೆ ನೈಟ್ರೊಜನ್ ತಾನೇ ಬುದ್ಧಿಯನ್ನು ಮಂಕಾಗಿಸುತ್ತದೆ. ಎರಡೂ ಕೂಡಿದರೆ ವಿವೇಚನೆ ಉಳಿಯುವುದು ಕಷ್ಟ.

ಹಾಗೆಂದು ಮಾತ್ರೆ ನುಂಗುವವರು ನೀರಿಗಿಳಿಯಲೇಬಾರದೆಂದಲ್ಲ. ಹತೋಟಿಯಲ್ಲಿರುವ ರಕ್ತದೊತ್ತಡದೊಂದಿಗೆ ವೈದ್ಯರ ಒಪ್ಪಿಗೆ ಪಡೆದು ಸುರಕ್ಷಿತವಾಗಿ ಡೈವ್ ಮಾಡುವವರು ಎಷ್ಟೋ ಮಂದಿ. ವೈದ್ಯರು ಮೊದಲು ನೋಡುವುದು ಮಾತ್ರೆಯ ಹಿಂದಿರುವ ಕಾಯಿಲೆಯನ್ನು. ಆದ್ದರಿಂದ ಅಂದು ಬೆಳಿಗ್ಗೆ ಮಾತ್ರೆ ಬಿಟ್ಟು ‘ಇಲ್ಲ’ ಎಂದು ಬರೆಯುವ ಜಾಣತನ ಎಲ್ಲಕ್ಕಿಂತ ಅಪಾಯಕರ. ಅಲ್ಲಿ ಮಾತ್ರೆ ಇಲ್ಲವಾದರೂ ಕಾಯಿಲೆ ಇದ್ದೇ ಇರುತ್ತದೆ.

ಜನ ಏಕೆ ಮುಚ್ಚಿಡುತ್ತಾರೆ? ವ್ಯವಹಾರದಲ್ಲಿ ಒಬ್ಬನಿಗೆ ಗೊತ್ತಿರುವುದು ಇನ್ನೊಬ್ಬನಿಗೆ ಗೊತ್ತಿಲ್ಲದಿದ್ದರೆ ಮಾರುಕಟ್ಟೆ ಹೇಗೆ ಕೆಡುತ್ತದೆಂಬುದನ್ನು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಉದಾಹರಣೆಯಿಂದ ತೋರಿಸಿದರು. ಅಲ್ಲಿ ದೋಷ ಮುಚ್ಚಿಟ್ಟ ಮಾರಾಟಗಾರನಿಗೆ ಲಾಭ, ಕೊಂಡವನಿಗೆ ನಷ್ಟ. ಇಲ್ಲಿ ಮುಚ್ಚಿಟ್ಟವನೇ ಮೊದಲ ಬಲಿ. ಅವನನ್ನು ಮೇಲೆತ್ತಬೇಕಾದ ತರಬೇತುದಾರನ ಜೀವವೂ ಪಣಕ್ಕೆ ಬೀಳುತ್ತದೆ. ಆದರೂ ಹಣ ಕಟ್ಟಿ, ರಾತ್ರಿಯಿಡೀ ಪ್ರಯಾಣಿಸಿ, ಮನೆಮಂದಿಯೊಡನೆ ದೋಣಿಯ ಬಳಿ ನಿಂತವನಿಗೆ ಆ ಕ್ಷಣದಲ್ಲಿ ನಿಜ ಹೇಳುವುದು ದುಬಾರಿ ಎನಿಸುತ್ತದೆ.

ಆದ್ದರಿಂದ ಉಪದೇಶವೊಂದೇ ಸಾಲದು, ನಿಜ ಹೇಳುವ ವೆಚ್ಚ ಇಳಿಯಬೇಕು. ಮುಂಗಡ ಪಡೆಯುವಾಗಲೇ ಸಂಸ್ಥೆಗಳು ಪ್ರಶ್ನಾವಳಿ ಕಳುಹಿಸಲಿ. ಆರೋಗ್ಯದ ಕಾರಣಕ್ಕೆ ಅವಕಾಶ ಸಿಗದವರಿಗೆ ಪೂರ್ಣ ಹಣ ಹಿಂತಿರುಗಿಸಲಿ. ಪ್ರವಾಸೋದ್ಯಮ ಇಲಾಖೆ ಇವೆರಡನ್ನೂ ಕಡ್ಡಾಯಗೊಳಿಸಿದರೆ ಬೊಕ್ಕಸಕ್ಕೆ ಹೊರೆಯಾಗದು. ಪ್ರವಾಸ ನಿಶ್ಚಯಿಸಿದವರು ಕೆಲವು ವಾರ ಮೊದಲೇ ತಾವು ನುಂಗುವ ಎಲ್ಲ ಔಷಧಗಳ ಹೆಸರು ಬರೆದುಕೊಂಡು ತಮ್ಮ ವೈದ್ಯರನ್ನು ಕಾಣಲಿ. ನೆಗಡಿಯ ಮಾತ್ರೆಯೂ ಆ ಪಟ್ಟಿಯಲ್ಲಿರಲಿ. ವೈದ್ಯರು ಬೇಡವೆಂದರೆ ದೋಣಿಯಲ್ಲೇ ಕುಳಿತು ಮಕ್ಕಳು ಮೇಲೆ ಬರುವುದನ್ನು ನೋಡುವುದರಲ್ಲಿ ಅವಮಾನವೇನೂ ಇಲ್ಲ.